ಅಡಿಕೆ ಚೀಟಿಯ ಕ್ಲಾಸ್ ಬೇರೆ, ಅದರ ಫೈಲ್ ಬೇರೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಂದು ಅಡಿಕೆ ಖರೀದಿ ಕೇಂದ್ರಕ್ಕೆ ತಂತ್ರಾಂಶ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಕೃಷಿಕರು ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ) ಅಡಿಕೆಯ ಗೋಣಿಗಳನ್ನು ತರುತ್ತಾರೆ. ತೂಕವಾಗುತ್ತದೆ, ಗೋಣಿಯ ತೂಕ ಕಳೆಯುತ್ತಾರೆ, ಹೊಸತೋ ಹಳತೋ ಪಟೋರವೋ ಕರಿಗೋಟೋ ಎಂದು ದರ್ಜೆ ನೋಡಿ ದರ ಹಾಕುತ್ತಾರೆ, ಚೀಟಿ ಕೊಡುತ್ತಾರೆ. ನಿಮ್ಮ ಪ್ರೋಗ್ರಾಮಿನಲ್ಲಿ ‘ಚೀಟಿ’ ಒಂದು ಕ್ಲಾಸ್, ಅಂದರೆ ದತ್ತಾಂಶವನ್ನೂ ಅದರ ಕೆಲಸಗಳನ್ನೂ ಒಟ್ಟಿಗೆ ಹಿಡಿದ ಅಚ್ಚು; ಅದರಿಂದ ಹುಟ್ಟಿದ ಒಂದೊಂದು ಚೀಟಿಯೂ ಒಂದು ಆಬ್ಜೆಕ್ಟ್. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗದ ಹೊತ್ತಿನಲ್ಲಿ ಚೀಟಿ ಫೋನಿನಲ್ಲೇ ಉಳಿಯಬೇಕು, ಸಿಕ್ಕಾಗ ಸರ್ವರ್‌ಗೆ ಹೋಗಬೇಕು, ಮುಂದೆ ಯಾವಾಗ ಲೆಕ್ಕ ಕೇಳಿದರೂ ಮತ್ತೆ ತೆರೆಯಬೇಕು.

ಮೆಮೊರಿಯಲ್ಲಿರುವ ಆಬ್ಜೆಕ್ಟನ್ನು ಹೀಗೆ ಉಳಿಸಲು, ಕಳಿಸಲು ಬೈಟ್‌ಗಳ ಸಾಲಾಗಿ ಮಾಡುವುದೇ ಸೀರಿಯಲೈಸೇಶನ್. ಆ ಸಾಲಿನಿಂದ ಆಬ್ಜೆಕ್ಟನ್ನು ಮತ್ತೆ ಕಟ್ಟುವುದು ಡಿಸೀರಿಯಲೈಸೇಶನ್. ಹೆಚ್ಚಿನ ಭಾಷೆಗಳಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ. ಜಾವಾದಲ್ಲಿ 1997ರ 1.1 ಆವೃತ್ತಿಯಿಂದ ಇದೆ: ಕ್ಲಾಸಿಗೆ ‘ಸೀರಿಯಲೈಸಬಲ್’ ಎಂಬ ಗುರುತು ಹಚ್ಚಿದರೆ ಸಾಕು, ಒಂದು ಮೆಥಡನ್ನೂ (ಕ್ಲಾಸಿನೊಳಗಿನ ಫಂಕ್ಷನ್) ಬರೆಯಬೇಕಾಗಿಲ್ಲ. ಪೈಥಾನ್‌ನಲ್ಲಿ ಪಿಕಲ್ ಇದೆ, ಅದಕ್ಕೆ ಗುರುತೂ ಬೇಡ. ಮೊದಲ ದಿನ ಎಲ್ಲವೂ ಸಲೀಸು. ತೊಂದರೆ ಶುರುವಾಗುವುದು ಕ್ಲಾಸನ್ನು ಮೊದಲ ಸಲ ಬದಲಾಯಿಸಿದಾಗ.

ಈ ಸೌಲಭ್ಯಗಳು ನೋಡುವುದು ಕ್ಲಾಸಿನ ಬೆಲೆಗಳು (ವ್ಯಾಲ್ಯೂ) ಕೂರುವ ಜಾಗಗಳಾದ ಪ್ರೈವೇಟ್ ಫೀಲ್ಡ್‌ಗಳನ್ನು. ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸದಲ್ಲಿ ಪ್ರೈವೇಟ್ ಎಂದರೆ ‘ಒಳಗಿನ ವ್ಯವಸ್ಥೆ, ನಾಳೆ ಬದಲಾಗಬಹುದು, ಹೊರಗಿನವರು ನಂಬಿ ಕೂರಬೇಡಿ’ ಎಂದರ್ಥ. ಫೈಲಿಗೆ ಬರೆದದ್ದು ಇದಕ್ಕೆ ತದ್ವಿರುದ್ಧ: ಒಮ್ಮೆ ಬರೆದ ಮೇಲೆ ಅದನ್ನು ವರ್ಷಗಟ್ಟಲೆ ಓದಲೇಬೇಕು. ಒಳಗಿನ ಫೀಲ್ಡ್‌ಗಳನ್ನೇ ಫೈಲಿನ ರೂಪವಾಗಿ ಬಳಸಿದ ಕ್ಷಣದಲ್ಲಿ ಅವು ಪ್ರೈವೇಟ್ ಆಗಿ ಉಳಿಯುವುದಿಲ್ಲ. ಬದಲಾಗಬಾರದ್ದನ್ನೂ ಬದಲಾಗಬೇಕಾದ್ದನ್ನೂ ಒಂದೇ ಕಡೆ ಕಟ್ಟಿಹಾಕಿದಂತಾಗುತ್ತದೆ. ಈ ಲೇಖನ ಆ ಗಂಟನ್ನು ಬಿಡಿಸುವ ಬಗೆಯನ್ನು ಹೇಳುತ್ತದೆ.

ಕೆಡುವುದು ಎಲ್ಲಿ

‘ತೂಕ’ ಎಂಬ ಫೀಲ್ಡಿಗೆ ‘ನಿವ್ವಳ ತೂಕ’ ಎಂಬ ಹೆಸರೇ ಸರಿ ಎಂದು ಕಂಡು ಬದಲಾಯಿಸಿದಿರಿ. ಕ್ಲಾಸಿನ ಮಟ್ಟಿಗೆ ಇದು ನಿರುಪದ್ರವಿ ತಿದ್ದುಪಡಿ. ಜಾವಾದ ಸಿದ್ಧ ಸೀರಿಯಲೈಸೇಶನ್‌ನಲ್ಲಿ ಎರಡರಲ್ಲೊಂದು ಆಗುತ್ತದೆ. ಕ್ಲಾಸಿನಲ್ಲಿ ಆವೃತ್ತಿ ಸಂಖ್ಯೆಯನ್ನು, ಅಂದರೆ ‘ಸೀರಿಯಲ್ ವರ್ಷನ್ ಯುಐಡಿ’ಯನ್ನು, ನೀವೇ ಬರೆದಿರದಿದ್ದರೆ ಜಾವಾ ಅದನ್ನು ಕ್ಲಾಸಿನ ಹೆಸರು, ಇಂಟರ್‌ಫೇಸ್‌ಗಳು, ಫೀಲ್ಡ್‌ಗಳು, ಮೆಥಡ್‌ಗಳಿಂದ ಲೆಕ್ಕಹಾಕಿಕೊಳ್ಳುತ್ತದೆ. ಒಂದು ಪಬ್ಲಿಕ್ ಮೆಥಡ್ ಸೇರಿಸಿದರೂ ಆ ಸಂಖ್ಯೆ ಬದಲಾಗಿ, ಹಳೆಯ ಫೈಲ್ ತೆರೆಯುವಾಗ ‘ಇನ್‌ವ್ಯಾಲಿಡ್ ಕ್ಲಾಸ್ ಎಕ್ಸೆಪ್ಶನ್’ ಬರುತ್ತದೆ. ಇದು ಗದ್ದಲ ಮಾಡುವ ದೋಷ, ಕೂಡಲೇ ಗೊತ್ತಾಗುತ್ತದೆ. ಸಂಖ್ಯೆಯನ್ನು ನೀವೇ ಬರೆದು ಹಾಗೆಯೇ ಉಳಿಸಿಕೊಂಡಿದ್ದರೆ ಆಗುವುದು ಇನ್ನೂ ಕೆಟ್ಟದು. ಹಳೆಯ ಫೈಲಿನ ‘ತೂಕ’ಕ್ಕೆ ಹೊಸ ಕ್ಲಾಸಿನಲ್ಲಿ ಜಾಗವಿಲ್ಲ, ಅದನ್ನು ಬಿಟ್ಟುಬಿಡುತ್ತದೆ. ‘ನಿವ್ವಳ ತೂಕ’ಕ್ಕೆ ಫೈಲಿನಲ್ಲಿ ಬೆಲೆಯಿಲ್ಲ, ಅದಕ್ಕೆ ಸೊನ್ನೆ ಕೂರುತ್ತದೆ. ಯಾವ ದೂರೂ ಇಲ್ಲದೆ ಹಳೆಯ ಚೀಟಿಗಳೆಲ್ಲ ಸೊನ್ನೆ ಗ್ರಾಮಿನ ಚೀಟಿಗಳಾಗುತ್ತವೆ. ವರ್ಷದ ಲೆಕ್ಕ ತೆಗೆಯುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಪಿಕಲ್‌ನಲ್ಲಿ ಫೈಲಿನೊಳಗೆ ಮಾಡ್ಯೂಲಿನ ಹೆಸರೂ ಕ್ಲಾಸಿನ ಹೆಸರೂ ಇರುತ್ತವೆ. ‘ಖರೀದಿ’ ಮಾಡ್ಯೂಲಿನಲ್ಲಿದ್ದ ಕ್ಲಾಸನ್ನು ‘ಮಳಿಗೆ’ ಮಾಡ್ಯೂಲಿಗೆ ಸರಿಸಿದರೆ ಹಳೆಯ ಫೈಲ್ ತೆರೆಯುವುದಿಲ್ಲ. ಹೊಸ ಫೀಲ್ಡ್ ಸೇರಿಸಿದ್ದರೆ ಫೈಲ್ ತೆರೆಯುತ್ತದೆ, ಆದರೆ ಹಳೆಯ ಆಬ್ಜೆಕ್ಟಿನಲ್ಲಿ ಆ ಫೀಲ್ಡೇ ಇರುವುದಿಲ್ಲ. ಎಲ್ಲೋ ದೂರದಲ್ಲಿ, ಅದನ್ನು ಮೊದಲ ಸಲ ಕೇಳಿದ ಸಾಲಿನಲ್ಲಿ ಪ್ರೋಗ್ರಾಮ್ ನಿಲ್ಲುತ್ತದೆ. ಕಾರಣ ಒಂದು ಕಡೆ, ದೋಷ ಕಾಣುವುದು ಇನ್ನೊಂದು ಕಡೆ.

ಎರಡನೆಯ ಕೆಡುಕು ಆಬ್ಜೆಕ್ಟನ್ನು ಹುಟ್ಟಿಸುವ ಮೆಥಡ್ ಆದ ಕನ್‌ಸ್ಟ್ರಕ್ಟರಿನದು. ಒಟ್ಟು ತೂಕ ಗೋಣಿಯ ತೂಕಕ್ಕಿಂತ ಹೆಚ್ಚಿರಬೇಕು, ದರ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ನಿಯಮಗಳನ್ನು ನೀವು ಕನ್‌ಸ್ಟ್ರಕ್ಟರಿನಲ್ಲಿ ಇಟ್ಟಿರುತ್ತೀರಿ. ತಪ್ಪು ಚೀಟಿ ಹುಟ್ಟಲೇ ಆಗದು ಎಂಬ ಭರವಸೆ ಬರುವುದು ಅಲ್ಲಿಂದ. ಜಾವಾದ ಸಿದ್ಧ ಸೀರಿಯಲೈಸೇಶನ್ ಆ ಕನ್‌ಸ್ಟ್ರಕ್ಟರನ್ನು ಕರೆಯುವುದೇ ಇಲ್ಲ. ಫೀಲ್ಡ್‌ಗಳಿಗೆ ನೇರವಾಗಿ ಬೆಲೆ ತುಂಬುತ್ತದೆ. ಪಿಕಲ್ ಕೂಡ ಸಾಮಾನ್ಯವಾಗಿ ಆರಂಭಿಕ ಮೆಥಡನ್ನು ಕರೆಯದೆ ಹಾಗೇ ಮಾಡುತ್ತದೆ. ಫೈಲಿನಲ್ಲಿ ಗೋಣಿಯ ತೂಕವೇ ಹೆಚ್ಚಿದ್ದರೆ ಋಣ ತೂಕದ ಚೀಟಿಯೊಂದು ಜೀವ ತಳೆದು ಒಳಗೆ ಓಡಾಡುತ್ತದೆ. 2021ರ ಜಾವಾ 16ರಲ್ಲಿ ನೆಲೆಗೊಂಡ ‘ರೆಕಾರ್ಡ್’ ಎಂಬ ಬಗೆಯ ಕ್ಲಾಸ್ ಇದಕ್ಕೆ ಅಪವಾದ: ಅದನ್ನು ಮರಳಿ ಕಟ್ಟುವಾಗ ಅದರ ಮುಖ್ಯ ಕನ್‌ಸ್ಟ್ರಕ್ಟರನ್ನೇ ಕರೆಯಲಾಗುತ್ತದೆ. ಹಳೆಯ ವಿನ್ಯಾಸದ ತಪ್ಪನ್ನು ಭಾಷೆಯೇ ತಿದ್ದಿಕೊಂಡದ್ದು ಇದು.

ಮೂರನೆಯದು ಸುರಕ್ಷತೆ. ‘ಯಾವ ಕ್ಲಾಸಿನ ಆಬ್ಜೆಕ್ಟ್ ಕಟ್ಟಬೇಕು’ ಎಂಬುದನ್ನು ಒಳಬರುವ ಬೈಟ್‌ಗಳೇ ಹೇಳುವುದಾದರೆ, ಆ ಬೈಟ್‌ಗಳನ್ನು ಬರೆದವರು ನಿಮ್ಮ ಪ್ರೋಗ್ರಾಮಿನಿಂದ ಏನು ಬೇಕಾದರೂ ಮಾಡಿಸಬಹುದು. 2015ರಲ್ಲಿ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ ಸಾಮಾನ್ಯ ಲೈಬ್ರರಿಯ ಕ್ಲಾಸ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಬರೀ ಡಿಸೀರಿಯಲೈಸ್ ಮಾಡಿದ್ದಕ್ಕೇ ಸರ್ವರಿನಲ್ಲಿ ಆಜ್ಞೆ ನಡೆಸಬಹುದೆಂದು ತೋರಿಸಲಾಯಿತು. ಡಾಟ್‌ನೆಟ್‌ನ ‘ಬೈನರಿ ಫಾರ್ಮ್ಯಾಟರ್’ ಇದೇ ಕಾರಣಕ್ಕೆ 2024ರ ಡಾಟ್‌ನೆಟ್ 9ರಲ್ಲಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ನಂಬಿಕೆಯಿಲ್ಲದ ಮೂಲದ ದತ್ತಾಂಶವನ್ನು ಪಿಕಲ್‌ನಿಂದ ತೆರೆಯಬೇಡಿ ಎಂದು ಪೈಥಾನ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಇನ್ನೊಂದು ಸೋರಿಕೆ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಆದರೆ ದಿನವೂ ನಡೆಯುತ್ತದೆ. ಚೀಟಿಯೊಳಗೆ ‘ಕೃಷಿಕ’ ಆಬ್ಜೆಕ್ಟಿನ ಉಲ್ಲೇಖವಿದೆ, ಕೃಷಿಕನೊಳಗೆ ಬ್ಯಾಂಕ್ ಖಾತೆ ಇದೆ. ಮನೆ ಎಣ್ಮಕಜೆಯಲ್ಲಿ, ಖಾತೆ ವಿಟ್ಲದಲ್ಲಿ ಇರುವುದು ಕೇರಳ–ಕರ್ನಾಟಕ ಗಡಿಯಲ್ಲಿ ವಿಶೇಷವೇನಲ್ಲ, ಆದ್ದರಿಂದ ಆ ವಿವರಗಳೆಲ್ಲ ಆಬ್ಜೆಕ್ಟಿನಲ್ಲಿ ಇರಲೇಬೇಕು. ಫೀಲ್ಡ್‌ಗಳನ್ನೆಲ್ಲ ತಾನಾಗಿ ಬರೆಯುವ ಸೌಲಭ್ಯ ಒಂದು ಚೀಟಿಯನ್ನು ತೂಕದ ಕೋಣೆಯ ಪರದೆಗೆ ಕಳಿಸುವಾಗ ಖಾತೆ ಸಂಖ್ಯೆಯನ್ನೂ ಎಳೆದುಕೊಂಡು ಹೋಗುತ್ತದೆ. ನಾಳೆ ಯಾರಾದರೂ ಕೃಷಿಕನಿಗೆ ಇನ್ನೊಂದು ಗುಟ್ಟಿನ ಫೀಲ್ಡ್ ಸೇರಿಸಿದರೆ ಅದೂ ತಾನಾಗಿ ಹೊರಟಿತು. ಬೇಡವಾದದ್ದನ್ನು ನೆನಪಿಟ್ಟು ತಡೆಯುವ ವ್ಯವಸ್ಥೆಗಿಂತ, ಬೇಕಾದದ್ದನ್ನಷ್ಟೇ ಹೆಸರಿಸಿ ಕಳಿಸುವ ವ್ಯವಸ್ಥೆ ಯಾವತ್ತೂ ಮೇಲು.

ಮೂರು ತುಂಡು

ಬಿಡಿಸುವ ಬಗೆ ಸರಳ. ಮೊದಲ ತುಂಡು ‘ಚೀಟಿ’ ಕ್ಲಾಸ್: ನಿಯಮಗಳು, ಲೆಕ್ಕಾಚಾರ, ‘ತೂಕ’ ‘ಹಣ’ ಎಂಬ ಸಣ್ಣ ಕ್ಲಾಸ್‌ಗಳು ಎಲ್ಲ ಇದರೊಳಗೆ. ಜೇಸನ್ (ಹೆಸರು–ಬೆಲೆಗಳನ್ನು ಪಠ್ಯವಾಗಿ ಬರೆಯುವ ರೂಪ), ಫೈಲ್, ನೆಟ್‌ವರ್ಕ್ ಎಂಬ ಶಬ್ದಗಳೇ ಇದಕ್ಕೆ ತಿಳಿಯಬಾರದು. ಎರಡನೆಯದು ‘ಚೀಟಿ ದಾಖಲೆ’: ಸಂಖ್ಯೆ, ಪಠ್ಯ, ಪಟ್ಟಿಗಳಷ್ಟೇ ಇರುವ, ಬುದ್ಧಿಯಿಲ್ಲದ ಸಪಾಟು ರೂಪ. ಫೈಲಿಗೆ ಹೋಗುವುದು ಇದೊಂದೇ. ಮೂರನೆಯದು ಇವೆರಡರ ನಡುವಿನ ‘ಚೀಟಿ ಪರಿವರ್ತಕ’: ಚೀಟಿಯಿಂದ ದಾಖಲೆ, ದಾಖಲೆಯಿಂದ ಚೀಟಿ ಎಂಬ ಎರಡೇ ಮೆಥಡ್.

ದಾಖಲೆ ಹೀಗಿರಬಹುದು. ದರ ಉದಾಹರಣೆಗೆ ಮಾತ್ರ. ಜೇಸನ್‌ನಲ್ಲಿ ಫೀಲ್ಡಿನ ಹೆಸರು ಯಾವ ಲಿಪಿಯಲ್ಲಿದ್ದರೂ ನಡೆಯುತ್ತದೆ:

```
{
  "ಆವೃತ್ತಿ": 1,
  "ಚೀಟಿ": "ಪೆ-0412",
  "ಕೃಷಿಕ": "ಕೃ-118",
  "ದರ್ಜೆ": "ಹಳತು",
  "ಒಟ್ಟು_ಗ್ರಾಂ": 49100,
  "ಗೋಣಿ_ಗ್ರಾಂ": 750,
  "ದರ_ಪೈಸೆ": 41500,
  "ಪಾವತಿ_ಪೈಸೆ": 2006500,
  "ದಿನಾಂಕ": "2024-01-18"
}
```

ಇದರ ಒಂದೊಂದು ಸಾಲಿನ ಹಿಂದೆಯೂ ಒಂದು ತೀರ್ಮಾನವಿದೆ. ತೂಕ ಗ್ರಾಮಿನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. ದಶಮಾಂಶವಾಗಿ ಬರೆದರೆ ಓದುವ ಪ್ರೋಗ್ರಾಮ್ ಅದನ್ನು ಬೈನರಿ ತೇಲು ಸಂಖ್ಯೆಯಾಗಿ ತೆಗೆದುಕೊಳ್ಳುವ ಸಂಭವ ಹೆಚ್ಚು. ಅಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೂರ್ಣಾಂಕಕ್ಕೂ ಮಿತಿ ಇಲ್ಲದಿಲ್ಲ: ಜಾವಾಸ್ಕ್ರಿಪ್ಟ್ 9007199254740991ರ ವರೆಗೆ ಮಾತ್ರ ತಪ್ಪದೆ ಹಿಡಿಯುತ್ತದೆ. ಪೈಸೆಗೆ ಅದು ಧಾರಾಳವಾಯಿತು, ಆದರೆ 64 ಬಿಟ್‌ನ ಗುರುತು ಸಂಖ್ಯೆಗಳನ್ನು ಪಠ್ಯವಾಗಿಯೇ ಬರೆಯಿರಿ.

ನಿವ್ವಳ ತೂಕ ದಾಖಲೆಯಲ್ಲಿಲ್ಲ. 49100ರಲ್ಲಿ 750 ಕಳೆದರೆ 48350. ಅದನ್ನೂ ಬರೆದರೆ ಎರಡು ಕಡೆ ಒಂದೇ ಸತ್ಯ ಕೂತು, ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ. ಹಾಗಾದರೆ ಪಾವತಿಯನ್ನು ಏಕೆ ಬರೆದದ್ದು? ಕಿಲೋಗೆ 415 ರೂಪಾಯಿಯಂತೆ ಲೆಕ್ಕ 20,065 ರೂಪಾಯಿ 25 ಪೈಸೆ. ಕೃಷಿಕರ ಕೈಗೆ ಹೋದದ್ದು ರೂಪಾಯಿಗೆ ಸರಿಪಡಿಸಿದ 20,065. ಸರಿಪಡಿಸುವ ನಿಯಮ ನಾಳೆ ಬದಲಾಗಬಹುದು, ಕೊಟ್ಟ ಹಣ ಬದಲಾಗುವುದಿಲ್ಲ. ಮತ್ತೆ ಲೆಕ್ಕಹಾಕಿ ಪಡೆಯಬಹುದಾದದ್ದು ಯಾವುದು, ನಡೆದುಹೋದ ಘಟನೆ ಯಾವುದು ಎಂದು ಬೇರ್ಪಡಿಸುವುದು ದಾಖಲೆಯ ರೂಪ ನಿರ್ಧರಿಸುವಾಗಿನ ಅತಿ ಮುಖ್ಯ ಕೆಲಸ. ಫೀಲ್ಡ್‌ಗಳನ್ನು ತಾನಾಗಿ ಬರೆಯುವ ಯಾವ ಸೌಲಭ್ಯವೂ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುವುದಿಲ್ಲ.

ಕೃಷಿಕನ ಜಾಗದಲ್ಲಿ ಗುರುತು ಮಾತ್ರ ಇದೆ, ಪೂರ್ತಿ ಆಬ್ಜೆಕ್ಟ್ ಇಲ್ಲ. ಮೆಮೊರಿಯಲ್ಲಿ ಚೀಟಿಯಿಂದ ಕೃಷಿಕನಿಗೆ, ಕೃಷಿಕನಿಂದ ಅವನ ಚೀಟಿಗಳ ಪಟ್ಟಿಗೆ ಕೊಂಡಿ ಇರುತ್ತದೆ. ಇದನ್ನು ಹಾಗೆಯೇ ಜೇಸನ್ ಮಾಡ ಹೊರಟರೆ ಸುತ್ತು ಮುಗಿಯದೆ ಸ್ಟ್ಯಾಕ್ ತುಂಬಿ ಪ್ರೋಗ್ರಾಮ್ ಬೀಳುತ್ತದೆ, ಇಲ್ಲವೇ ಲೈಬ್ರರಿಯೇ ದೋಷ ಎಸೆಯುತ್ತದೆ. ಸುತ್ತು ಇಲ್ಲದಿದ್ದರೂ, ಹತ್ತು ಚೀಟಿಗಳಲ್ಲಿದ್ದ ಒಬ್ಬನೇ ಕೃಷಿಕ ಮರಳಿ ಬರುವಾಗ ಹತ್ತು ಪ್ರತಿಯಾಗುತ್ತಾನೆ; ಒಂದರಲ್ಲಿ ವಿಳಾಸ ತಿದ್ದಿದರೆ ಉಳಿದ ಒಂಬತ್ತರಲ್ಲಿ ಹಳತೇ ಉಳಿಯುತ್ತದೆ. ಗುರುತು ಬರೆದರೆ ಎರಡೂ ತಪ್ಪುತ್ತವೆ.

ದರ್ಜೆಯ ಬೆಲೆಯಾಗಿ ‘ಹಳತು’ ಎಂಬ ಪಠ್ಯವಿದೆ, ಕ್ಲಾಸಿನ ಹೆಸರಲ್ಲ. ಒಂದೊಂದು ದರ್ಜೆಗೂ ಒಂದೊಂದು ಸಬ್‌ಕ್ಲಾಸ್ ಇದ್ದರೂ, ಯಾವ ಪಠ್ಯಕ್ಕೆ ಯಾವ ಕ್ಲಾಸ್ ಎಂಬ ಪಟ್ಟಿ ಪರಿವರ್ತಕದ ಒಳಗಿರಬೇಕು. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ದಾಖಲೆಯನ್ನು ತಿರಸ್ಕರಿಸಬೇಕು. ಮೇಲೆ ಹೇಳಿದ ಸುರಕ್ಷತೆಯ ತೂತು ಮುಚ್ಚುವುದು ಇಲ್ಲೇ.

ಒಳಗಿನದನ್ನು ಹೊರಗೆ ತರುವುದು ಹೇಗೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಪರಿವರ್ತಕ ಹೊರಗಿದ್ದರೆ ಅದಕ್ಕೆ ಒಳಗಿನ ಬೆಲೆಗಳು ಬೇಕು. ಹಾಗೆಂದು ಎಲ್ಲ ಫೀಲ್ಡಿಗೂ ಗೆಟರ್ ಸೆಟರ್ (ಬೆಲೆ ಓದುವ, ಬದಲಾಯಿಸುವ ಮೆಥಡ್) ಹಾಕಿದರೆ ಕ್ಲಾಸೇ ತೆರೆದ ಡಬ್ಬಿಯಾಯಿತು, ಬೇರ್ಪಡಿಸಿದ್ದರ ಲಾಭ ಅಲ್ಲಿಗೇ ಹೋಯಿತು. ಉತ್ತಮ ದಾರಿ ಎಂದರೆ ಕ್ಲಾಸಿಗೆ ಒಂದೇ ಒಂದು ಮೆಥಡ್ ಕೊಡುವುದು: ತನ್ನ ಸ್ಥಿತಿಯನ್ನು ಬದಲಾಯಿಸಲಾಗದ ಸರಳ ಬೆಲೆಗಳ ಪ್ರತಿಯಾಗಿ ಹಿಂದಿರುಗಿಸುವ ಮೆಥಡ್. ಒಳಗೆ ಏನಿದ್ದರೂ ‘ನಾನು ಇಷ್ಟರಿಂದ ಮತ್ತೆ ಹುಟ್ಟಬಲ್ಲೆ’ ಎಂದು ಕ್ಲಾಸೇ ಹೇಳುತ್ತದೆ. ಅದನ್ನು ಜೇಸನ್ ಮಾಡುವುದೋ ಪ್ರೋಟೊಬಫ್ (ಬೈನರಿ ರೂಪ) ಮಾಡುವುದೋ ಎಂಬುದು ಅದರ ಚಿಂತೆಯಲ್ಲ. ಸೆಟರ್ ಒಂದೂ ಬೇಡ.

ಮರಳಿ ಕಟ್ಟುವ ಬದಿ ಇದಕ್ಕಿಂತ ಸೂಕ್ಷ್ಮ. ಹೆಚ್ಚಿನ ವಿವರಣೆಗಳು ‘ಕನ್‌ಸ್ಟ್ರಕ್ಟರನ್ನೇ ಕರೆಯಿರಿ’ ಎಂದು ಹೇಳಿ ಮುಗಿಸುತ್ತವೆ. ಅದು ಸಾಲದು. ಹೊಸ ಚೀಟಿ ಹುಟ್ಟುವಾಗ ಹೊಸ ಸಂಖ್ಯೆ ಕೊಡುತ್ತೀರಿ, ಇವತ್ತಿನ ದರಪಟ್ಟಿ ನೋಡುತ್ತೀರಿ, ಕೃಷಿಕರಿಗೆ ಎಸ್‌ಎಂಎಸ್ ಕಳಿಸುತ್ತೀರಿ. ಹಳೆಯ ಚೀಟಿಯನ್ನು ಫೈಲಿನಿಂದ ತೆರೆಯುವಾಗ ಇದೇ ಕನ್‌ಸ್ಟ್ರಕ್ಟರ್ ನಡೆದರೆ ಮುಗಿದುಹೋದ ವ್ಯಾಪಾರಕ್ಕೆ ಮತ್ತೆ ಎಸ್‌ಎಂಎಸ್ ಹೋಗುತ್ತದೆ. ಆದ್ದರಿಂದ ಎರಡು ಬಾಗಿಲು ಬೇಕು: ‘ಹೊಸ ಚೀಟಿ ಬರೆ’ ಮತ್ತು ‘ದಾಖಲೆಯಿಂದ ಮರಳಿ ಕಟ್ಟು’. ಎರಡೂ ಒಳಗೆ ಒಂದೇ ಪ್ರೈವೇಟ್ ಕನ್‌ಸ್ಟ್ರಕ್ಟರನ್ನು ತಲುಪಬೇಕು, ಮತ್ತು ಆ ಕನ್‌ಸ್ಟ್ರಕ್ಟರಿನಲ್ಲಿ ಯಾವ ಕಾಲಕ್ಕೂ ನಿಜವಾಗಿರಬೇಕಾದ ನಿಯಮಗಳು ಮಾತ್ರ ಇರಬೇಕು.

ಒಟ್ಟು ತೂಕ ಗೋಣಿಗಿಂತ ಹೆಚ್ಚಿರಬೇಕು ಎಂಬುದು ಯಾವ ಕಾಲಕ್ಕೂ ನಿಜ. ತೇವಾಂಶ ಅಳೆಯದೆ ಖರೀದಿ ಮಾಡಕೂಡದು ಎಂಬುದು ಆಡಳಿತ ಒಂದು ದಿನ ತಂದ ನೀತಿ. ಈ ನೀತಿಯನ್ನು ಕನ್‌ಸ್ಟ್ರಕ್ಟರಿನಲ್ಲಿ ಇಟ್ಟರೆ ಅದಕ್ಕಿಂತ ಹಿಂದಿನ ಚೀಟಿಗಳು, ಅವು ತಮ್ಮ ಕಾಲಕ್ಕೆ ಪೂರ್ತಿ ಸರಿಯಾಗಿದ್ದರೂ, ತೆರೆಯುವುದೇ ಇಲ್ಲ. ಇಂಥ ನೀತಿಗಳ ಜಾಗ ‘ಹೊಸ ಚೀಟಿ ಬರೆ’ ಬಾಗಿಲಿನಲ್ಲಿ.

ಆವೃತ್ತಿಗಳ ಮೆಟ್ಟಿಲು

ತೇವಾಂಶ ಸೇರಿಸಿದ ದಿನ ದಾಖಲೆಯ ಆವೃತ್ತಿ 2 ಆಗುತ್ತದೆ. ಹಳೆಯ ದಾಖಲೆಗಳಿಗೆ ಏನು ಮಾಡುವುದು? 1ನ್ನು 2 ಮಾಡುವ ಒಂದು ಪುಟ್ಟ ಫಂಕ್ಷನ್ ಬರೆಯಿರಿ. ಮುಂದೆ 2ನ್ನು 3 ಮಾಡುವುದು ಇನ್ನೊಂದು. ಓದುವಾಗ ದಾಖಲೆ ಯಾವ ಮೆಟ್ಟಿಲಿನಲ್ಲಿದೆಯೋ ಅಲ್ಲಿಂದ ಒಂದೊಂದೇ ಹತ್ತಿ ಇತ್ತೀಚಿನದಕ್ಕೆ ಬರಬೇಕು, ಆಮೇಲಷ್ಟೇ ಪರಿವರ್ತಕದ ಕೈಗೆ. ಈ ಫಂಕ್ಷನ್‌ಗಳು ಬರೀ ಹೆಸರು–ಬೆಲೆಗಳ ಕೋಶದ ಮೇಲೆ ಕೆಲಸ ಮಾಡಬೇಕು, ನಿಮ್ಮ ಕ್ಲಾಸ್‌ಗಳನ್ನು ಮುಟ್ಟಬಾರದು. ಮುಟ್ಟಿದರೆ ಕ್ಲಾಸ್ ಬದಲಾದಾಗ ಹಳೆಯ ಮೆಟ್ಟಿಲೂ ಮುರಿಯುತ್ತದೆ. ಒಮ್ಮೆ ಬಿಡುಗಡೆಯಾದ ಮೆಟ್ಟಿಲನ್ನು ಮತ್ತೆ ತಿದ್ದಲೂಬಾರದು.

1ರಿಂದ 2ಕ್ಕೆ ಹತ್ತುವಾಗ ತೇವಾಂಶಕ್ಕೆ ಸೊನ್ನೆ ತುಂಬಬೇಡಿ. ಸೊನ್ನೆ ಎಂದರೆ ಅಳೆದಾಗ ಸೊನ್ನೆ ಬಂತು ಎಂದು. ಅಳೆಯಲಿಲ್ಲ ಎಂಬುದಕ್ಕೆ ಬೆಲೆಯನ್ನೇ ಬಿಡಬೇಕು. ಸರಾಸರಿ ತೆಗೆಯುವಾಗ ಈ ವ್ಯತ್ಯಾಸ ಬಯಲಾಗುತ್ತದೆ.

ಎದುರು ದಿಕ್ಕೂ ಇದೆ. ಸರ್ವರ್ ಹೊಸತಾಗಿದೆ, ಒಂದು ಫೋನಿನ ಆ್ಯಪ್ ಇನ್ನೂ ಹಳತು. ಹಳೆಯ ಆ್ಯಪ್‌ಗೆ ತಿಳಿಯದ ಫೀಲ್ಡ್ ಬಂದಾಗ ಅದು ಬೀಳಬಾರದು. ಜಾವಾದ ಜಾಕ್ಸನ್ ಲೈಬ್ರರಿಯ 2ನೇ ಸಾಲಿನ ಆವೃತ್ತಿಗಳಲ್ಲಿ ಪೂರ್ವನಿಯೋಜಿತ ವರ್ತನೆಯೇ ಅಪರಿಚಿತ ಫೀಲ್ಡ್ ಕಂಡರೆ ದೋಷ ಎಸೆಯುವುದು. ಅದನ್ನು ನೆನಪಿಟ್ಟು ನಿಲ್ಲಿಸಬೇಕು. ಆದರೆ ಕಡೆಗಣಿಸುವುದರಲ್ಲೂ ಅಪಾಯವಿದೆ. ಹಳೆಯ ಆ್ಯಪ್ ಹೊಸ ದಾಖಲೆಯನ್ನು ಓದಿ, ಫೋನ್ ನಂಬರ್ ಮಾತ್ರ ತಿದ್ದಿ, ತಿರುಗಿ ಬರೆದರೆ ತಿಳಿಯದ ಫೀಲ್ಡ್‌ಗಳು ಅಳಿಸಿಹೋಗುತ್ತವೆ. ಪ್ರೋಟೊಬಫ್‌ನ 3ನೇ ಆವೃತ್ತಿ ಮೊದಲು ಹೀಗೆ ಅವನ್ನು ಬಿಟ್ಟುಬಿಡುತ್ತಿತ್ತು. 2017ರ 3.5ರಲ್ಲಿ ಅವನ್ನು ಉಳಿಸಿಕೊಂಡು ತಿರುಗಿ ಬರೆಯುವಂತೆ ಮಾಡಿದರು. ಜೇಸನ್ ಬಳಸುವವರು ‘ಉಳಿದದ್ದು’ ಎಂಬ ಒಂದು ಕೋಶವನ್ನು ದಾಖಲೆಯ ಜೊತೆ ಹೊತ್ತು ತಿರುಗಬೇಕು.

ಪ್ರೋಟೊಬಫ್ ಆರಿಸಿದರೆ ಇನ್ನೊಂದು ನಿಯಮ. ಅಲ್ಲಿ ಬೈಟ್‌ಗಳಲ್ಲಿ ಫೀಲ್ಡಿನ ಹೆಸರಿಲ್ಲ, ಸಂಖ್ಯೆ ಮಾತ್ರ. ಹೆಸರು ಬದಲಾಯಿಸಿದರೆ ಹಳೆಯ ಬೈಟ್‌ಗಳಿಗೆ ಬಾಧೆಯಿಲ್ಲ. ಆದರೆ ಅಳಿಸಿದ ಫೀಲ್ಡಿನ ಸಂಖ್ಯೆಯನ್ನು ಇನ್ನೊಂದಕ್ಕೆ ಯಾವತ್ತೂ ಕೊಡಬಾರದು, ಅದನ್ನು ‘ಕಾದಿರಿಸಿದ’ ಪಟ್ಟಿಗೆ ಸೇರಿಸಬೇಕು. ಕೊಟ್ಟರೆ ಹಳೆಯ ದಾಖಲೆಯ ಗೋಣಿ ತೂಕ ಹೊಸ ಆ್ಯಪಿನಲ್ಲಿ ದರವಾಗಿ ಓದಿಸಿಕೊಳ್ಳುತ್ತದೆ. 1ರಿಂದ 15ರ ಸಂಖ್ಯೆಗಳಿಗೆ ಗುರುತು ಒಂದೇ ಬೈಟಿನಲ್ಲಿ ಮುಗಿಯುವುದರಿಂದ ಪ್ರತಿ ಚೀಟಿಯಲ್ಲೂ ಬರುವ ಫೀಲ್ಡ್‌ಗಳಿಗೆ ಅವನ್ನು ಮೀಸಲಿಡಿ.

ಎರಡು ಲಿಪಿಯ ಹೆಸರುಗಳು

ಕಾಸರಗೋಡಿನಲ್ಲಿ ಕೃಷಿಕರ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಬರುತ್ತದೆ, ಒಂದೇ ಕುಟುಂಬದೊಳಗೇ ಎರಡು ಲಿಪಿಯ ದಾಖಲೆಗಳಿರುತ್ತವೆ. ಕಣ್ಣಿಗೆ ಒಂದೇ ರೀತಿ ಕಾಣುವ ಹೆಸರು ಬೈಟ್‌ಗಳಲ್ಲಿ ಬೇರೆಯಾಗಿರಬಹುದು. ಕನ್ನಡದ ‘ಕೊ’ದಲ್ಲಿನ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಯೂನಿಕೋಡ್‌ನ ‘ಎನ್‌ಎಫ್‌ಸಿ’ ಸಾಮಾನ್ಯೀಕರಣ ಇವನ್ನು ಒಂದು ಮಾಡುತ್ತದೆ. ಮಲಯಾಳದ ಚಿಲ್ಲಕ್ಷರಗಳ ಕಥೆ ಬೇರೆ. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತಗಳು ಬಂದವು. ಅದಕ್ಕೆ ಮುಂಚಿನ ಪಠ್ಯಗಳಲ್ಲಿ ವ್ಯಂಜನ, ಚಂದ್ರಕ್ಕಲ, ಜೋಡಿಸುವ ಅದೃಶ್ಯ ಚಿಹ್ನೆ ಹೀಗೆ ಮೂರು ಸಂಕೇತಗಳಿವೆ. ಎನ್‌ಎಫ್‌ಸಿ ಇವನ್ನು ಒಂದು ಮಾಡುವುದಿಲ್ಲ, ಪ್ರತ್ಯೇಕ ಪಟ್ಟಿ ಇಟ್ಟು ನೀವೇ ಬದಲಾಯಿಸಬೇಕು. ಇಲ್ಲವಾದರೆ ಒಬ್ಬರೇ ಕೃಷಿಕರು ಹುಡುಕಾಟದಲ್ಲಿ ಇಬ್ಬರಾಗುತ್ತಾರೆ. ಈ ಕೆಲಸದ ಸರಿಯಾದ ಜಾಗ ಪರಿವರ್ತಕ. ‘ಕೃಷಿಕ’ ಕ್ಲಾಸಿಗೆ ಸಂಕೇತಗಳ ಚರಿತ್ರೆ ಗೊತ್ತಿರಬೇಕಿಲ್ಲ.

ಪೈಥಾನ್‌ನ ಜೇಸನ್ ಮಾಡ್ಯೂಲ್ ತಾನಾಗಿ ಬಿಟ್ಟರೆ ಕನ್ನಡದ ಪ್ರತಿ ಸಂಕೇತವನ್ನೂ ಆರು ಅಕ್ಷರಗಳ ಗುಪ್ತ ರೂಪದಲ್ಲಿ ಬರೆಯುತ್ತದೆ. ತಪ್ಪಲ್ಲ, ಆದರೆ ಫೈಲ್ ತೆರೆದವರಿಗೆ ಏನೂ ಓದಲಾಗದು. ‘ಎನ್ಶೂರ್ ಆಸ್ಕಿ’ ಆಯ್ಕೆಯನ್ನು ನಿಲ್ಲಿಸಿ (ಫಾಲ್ಸ್ ಮಾಡಿ), ಫೈಲನ್ನು ಯುಟಿಎಫ್-8 ಎಂದು ಹೇಳಿಯೇ ತೆರೆಯಿರಿ. ಆಗ ಒಂದು ಸಂಕೇತಕ್ಕೆ ಮೂರು ಬೈಟ್.

ಪರೀಕ್ಷೆ, ಮತ್ತು ಹಳೆಯದರಿಂದ ಹೊಸದಕ್ಕೆ

ಚೀಟಿ ಬರೆದು, ಓದಿ, ಎರಡೂ ಒಂದೇ ಎಂದು ನೋಡುವ ಪರೀಕ್ಷೆಯನ್ನು ಎಲ್ಲರೂ ಬರೆಯುತ್ತಾರೆ. ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಫೀಲ್ಡಿನ ಹೆಸರು ಬದಲಾದರೆ ಬರೆಯುವ ಕೋಡ್, ಓದುವ ಕೋಡ್ ಎರಡೂ ಒಟ್ಟಿಗೆ ಬದಲಾಗುತ್ತವೆ, ಪರೀಕ್ಷೆ ಪಾಸಾಗುತ್ತದೆ, ಹಳೆಯ ಫೈಲ್‌ಗಳು ಮಾತ್ರ ಸತ್ತಿರುತ್ತವೆ. ನಿಜವಾಗಿ ಕಾಯುವುದು ಇನ್ನೊಂದು ಪರೀಕ್ಷೆ: ಪ್ರತಿ ಆವೃತ್ತಿಯ ಕೆಲವು ಫೈಲ್‌ಗಳನ್ನು, ಹೆಸರು ಖಾತೆಗಳನ್ನು ಮರೆಮಾಡಿ, ಪರೀಕ್ಷೆಯ ಫೋಲ್ಡರಿನಲ್ಲಿ ಇಟ್ಟು ಮತ್ತೆಂದೂ ಮುಟ್ಟದಿರುವುದು. ಪ್ರತಿ ಬಿಲ್ಡಿನಲ್ಲೂ ಅವನ್ನು ಓದಿ ತೂಕ, ಹಣ, ದರ್ಜೆ ನಿರೀಕ್ಷೆಯಂತೆ ಇದೆಯೇ ನೋಡಬೇಕು. ಋಣ ತೂಕದ್ದು, ಪಟ್ಟಿಯಲ್ಲಿಲ್ಲದ ದರ್ಜೆಯದು, ಅರ್ಧಕ್ಕೆ ತುಂಡಾದದ್ದು, ಹೀಗೆ ಕೆಟ್ಟ ದಾಖಲೆಗಳೂ ಕೆಲವು ಇರಲಿ, ಅವು ತಿರಸ್ಕೃತವಾಗಬೇಕು.

ಎಲ್ಲ ಕ್ಲಾಸಿಗೂ ಈ ಮೂರು ತುಂಡು ಬೇಕೆಂದಿಲ್ಲ. ಪ್ರೋಗ್ರಾಮ್ ನಿಂತಾಗ ಎಸೆಯುವ ಕ್ಯಾಶ್‌ಗೆ ಸಿದ್ಧ ಸೌಲಭ್ಯವೇ ಸಾಕು. ನಿಯಮಗಳೇ ಇಲ್ಲದ, ಬೆಲೆಗಳನ್ನಷ್ಟೇ ಹಿಡಿದಿರುವ ಕ್ಲಾಸ್ ತಾನೇ ದಾಖಲೆಯಾಗಬಹುದು. ಕ್ಲಾಸಿನ ಮೇಲೆ ಅನೊಟೇಶನ್ (ಕೋಡಿಗೆ ಅಂಟಿಸುವ ಗುರುತು) ಹಚ್ಚಿ ಫೈಲಿನ ಹೆಸರುಗಳನ್ನು ಬೇರೆ ಮಾಡುವ ನಡುದಾರಿಯೂ ಒಂದೇ ರೂಪ, ಒಂದೇ ಓದುಗ ಇರುವವರೆಗೆ ಚೆನ್ನಾಗಿ ನಡೆಯುತ್ತದೆ. ಎರಡನೆಯ ರೂಪ ಬಂದ ದಿನ, ಉದಾಹರಣೆಗೆ ಬ್ಯಾಂಕಿಗೆ ಬೇರೆ ವಿನ್ಯಾಸದ ಫೈಲ್ ಬೇಕಾದಾಗ, ಅನೊಟೇಶನ್‌ಗಳು ಒಂದರ ಮೇಲೊಂದು ಬಿದ್ದು ಕ್ಲಾಸ್ ಓದಲಾಗದಂತಾಗುತ್ತದೆ. ಆಗ ಪರಿವರ್ತಕಕ್ಕೆ ಹೋಗಿ.

ಈಗಾಗಲೇ ಜಾವಾದ ಬೈನರಿ ಫೈಲ್‌ಗಳಿದ್ದರೆ ಅವನ್ನು ಹೊಸ ಕೋಡಿನಲ್ಲಿ ಓದಲು ಹೋಗಬೇಡಿ. ಹಳೆಯ ಜಾರ್ ಫೈಲನ್ನು (ಜಾವಾ ಕ್ಲಾಸುಗಳ ಕಟ್ಟು) ಹಾಗೆಯೇ ಇಟ್ಟುಕೊಂಡು, ಅದರ ಕ್ಲಾಸ್‌ಗಳಿಂದಲೇ ಓದಿ, ಹೊಸ ರೂಪದ ಜೇಸನ್ ಬರೆಯುವ ಒಂದು ಸಲದ ಪ್ರೋಗ್ರಾಮ್ ಮಾಡಿ. ಜಾವಾ 9ರಿಂದ ಬಂದ ಡಿಸೀರಿಯಲೈಸೇಶನ್ ಫಿಲ್ಟರಿನಲ್ಲಿ ನಿಮಗೆ ಬೇಕಾದ ಕ್ಲಾಸ್‌ಗಳಿಗೆ ಮಾತ್ರ ಒಪ್ಪಿಗೆ ಕೊಡಿ. ಮುಗಿದ ಮೇಲೆ ಎರಡೂ ಕಡೆಯ ಚೀಟಿಗಳ ಸಂಖ್ಯೆ, ಒಟ್ಟು ಗ್ರಾಂ, ಒಟ್ಟು ಪೈಸೆ ತಾಳೆ ನೋಡಿ. ಒಂದು ಪೈಸೆ ವ್ಯತ್ಯಾಸ ಬಂದರೂ ಕಾರಣ ಸಿಗುವವರೆಗೆ ಹಳೆಯದನ್ನು ಅಳಿಸಬೇಡಿ. ತಾಳೆಯಾದ ಮೇಲೆ ‘ಚೀಟಿ’ ಕ್ಲಾಸಿನಿಂದ ಸೀರಿಯಲೈಸಬಲ್ ಗುರುತು ತೆಗೆಯಿರಿ. ಎಲ್ಲೋ ಮರೆತ ಮೂಲೆಯಲ್ಲಿ ಹಳೆಯ ದಾರಿ ಉಳಿದಿದ್ದರೆ ‘ನಾಟ್ ಸೀರಿಯಲೈಸಬಲ್ ಎಕ್ಸೆಪ್ಶನ್’ ಬಂದು ತೋರಿಸಿಕೊಡುತ್ತದೆ. ವೆಬ್ ಸರ್ವರಿನ ಸೆಶನ್‌ನಲ್ಲಿ ಇಡೀ ಚೀಟಿಯನ್ನೇ ಇಟ್ಟಿರುವ ಕಡೆ ಇದು ಹೆಚ್ಚಾಗಿ ಸಿಗುತ್ತದೆ; ಅಲ್ಲಿ ಚೀಟಿಯ ಬದಲು ಅದರ ಸಂಖ್ಯೆಯನ್ನಷ್ಟೇ ಇಡಿ.